ಗೇಟಿನ ಒಳಗೆ, ಗೇಟಿನ ಹೊರಗೆ: ಪುಣೆಯಲ್ಲಿ ಅಂಗಳ, ಫುಟ್‌ಪಾತ್ ಚೊಕ್ಕವಾಗಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಗೆ ಹೊಸದಾಗಿ ಬಂದ ಕನ್ನಡದ ಮನೆಗಳಿಂದ, ಇಲ್ಲೇ ಹುಟ್ಟಿ ಬೆಳೆದವರಿಂದಲೂ, ಮನೆ ಮುಂದಿನ ಕಸ, ಎಲೆ, ನೀರು, ಗಿಡ, ಗಾಡಿ ಇವುಗಳ ಬಗ್ಗೆ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೋಥ್ರೂಡ್, ಸಹಕಾರನಗರ, ಔಂಧ್ ಕಡೆಯ ಬಂಗ್ಲೆ ಓಣಿಗಳಲ್ಲಿ ಇರುವವರಿಗೂ, ಸೊಸಾಯಿಟಿಯ ಫ್ಲ್ಯಾಟಿನಲ್ಲಿ ಇರುವವರಿಗೂ ಆಗುವ ಹಾಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲದರ ಹಿಂದೆ ನಾನು ಹೇಳುವುದು ಒಂದೇ. ಗೇಟಿನ ಹೊರಗಿನ ಜಾಗವನ್ನು ನಮ್ಮದು ಅಂತ ನೋಡಿಕೊಳ್ಳಬೇಕು, ನಮ್ಮದು ಅಂತ ಹಿಡಿದಿಟ್ಟುಕೊಳ್ಳಬಾರದು.

ಫುಟ್‌ಪಾತ್ ಗುಡಿಸೋದು ಪಾಲಿಕೆಯ ಕೆಲಸ ಅಲ್ವಾ? ನಾನು ಯಾಕೆ ಗುಡಿಸಬೇಕು?

ಹೌದು, ಸಾರ್ವಜನಿಕ ರಸ್ತೆ, ಫುಟ್‌ಪಾತ್ ಗುಡಿಸೋದು ಪುಣೆ ಮಹಾನಗರ ಪಾಲಿಕೆಯ ಕೆಲಸವೇ. ಬೆಳಿಗ್ಗೆ ಝಾಡೂ ಕೆಲಸದವರು ಆಯಾ ಭಾಗದ ಆರೋಗ್ಯ ಕೋಠಿ ಎಂಬ ಪಾಲಿಕೆ ಕಚೇರಿಯಲ್ಲಿ ಹಾಜರಿ ಹಾಕಿ, ಮುಕಾದಮ ಅಂದರೆ ಮೇಸ್ತ್ರಿ ಹೇಳಿದ ರಸ್ತೆಗೆ ಹೊರಡುತ್ತಾರೆ. ಒಬ್ಬೊಬ್ಬರ ಪಾಲಿಗೆ ಬರುವ ರಸ್ತೆ ಉದ್ದ ಇರುತ್ತದೆ. ಅವರು ನಮ್ಮ ಗೇಟು ದಾಟಿ ಹೋದ ಮೇಲೂ ದಿನವಿಡೀ ಎಲೆ ಉದುರುತ್ತದೆ, ಎಲ್ಲಿಂದಲೋ ಕವರ್ ಹಾರಿ ಬರುತ್ತದೆ. ಅಷ್ಟನ್ನು ನಾವು ಎತ್ತಿದರೆ ಅವರ ಕೆಲಸ ಕಸಿದುಕೊಂಡ ಹಾಗಲ್ಲ, ಅವರು ಮಾಡಿಟ್ಟ ಕೆಲಸ ಸಂಜೆವರೆಗೆ ಉಳಿದ ಹಾಗೆ. ಸೊಸಾಯಿಟಿಯ ಒಳಗಿನ ರಸ್ತೆಯಂತೂ ಸೊಸಾಯಿಟಿಯವರದೇ ಜವಾಬ್ದಾರಿ.

ನಮ್ಮ ಕಡೆ ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಥಳಿ ಹೊಡೆದು, ರಂಗೋಲಿ ಹಾಕೋ ರೂಢಿ ಇದೆ. ಅದನ್ನೇ ಗೇಟಿನಾಚೆ ನಾಲ್ಕು ಹೆಜ್ಜೆ ಮುಂದುವರಿಸಿದರೆ ಸಾಕು. ಗುಡಿಸುವಾಗ ದಿಕ್ಕು ಮಾತ್ರ ನೋಡಿಕೊಳ್ಳಿ. ರಸ್ತೆ ಕಡೆಯಿಂದ ಗೇಟಿನ ಕಡೆಗೆ ಗುಡಿಸಿ ಮೊರಕ್ಕೆ ಎತ್ತಿಕೊಳ್ಳಿ. ಹೊರಗೆ ತಳ್ಳಿದ ಕಸ ಪಕ್ಕದವರ ಮುಂದೆ ಹೋಗುತ್ತದೆ, ಇಲ್ಲವೇ ಗಟಾರಕ್ಕೆ ಬೀಳುತ್ತದೆ.

ಕಸ ಯಾರ ಕೈಗೆ ಕೊಡಬೇಕು? ಹೇಗೆ ಬೇರೆ ಮಾಡಬೇಕು?

ಪುಣೆಯ ಬಹಳಷ್ಟು ಓಣಿಗಳಲ್ಲಿ ಮನೆ ಬಾಗಿಲಿಗೆ ಬಂದು ಕಸ ಒಯ್ಯುವವರು 'ಸ್ವಚ್ಛ್' ಎಂಬ ಸಹಕಾರಿ ಸಂಸ್ಥೆಯ ಸದಸ್ಯರು. ಹೆಚ್ಚಿನವರು ಹೆಣ್ಣುಮಕ್ಕಳು. ಕಸ ಆಯುವವರು 1993ರಲ್ಲಿ ಕಟ್ಟಿಕೊಂಡ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆಯಿಂದ ಬೆಳೆದು ಬಂದ ಸಂಸ್ಥೆ ಇದು. ಅವರು ಬಾರದ ಕಡೆ ಪಾಲಿಕೆಯ ಘಂಟಾ ಗಾಡಿ, ಅಂದರೆ ಕಸದ ಗಾಡಿ ಬರುತ್ತದೆ.

2016ರ ಘನತ್ಯಾಜ್ಯ ನಿಯಮಗಳು ಬಂದಾಗಿನಿಂದ ಮನೆಯಲ್ಲೇ ಕಸ ಬೇರೆ ಮಾಡಿ ಕೊಡುವುದು ಕಡ್ಡಾಯ. ಇಲ್ಲಿ ಎಲ್ಲರೂ ಓಲಾ, ಸುಕಾ ಅನ್ನುತ್ತಾರೆ. ಓಲಾ ಅಂದರೆ ಅಡುಗೆಮನೆಯ ಹಸಿ ಕಸ. ಸುಕಾ ಅಂದರೆ ಕಾಗದ, ಪ್ಲಾಸ್ಟಿಕ್, ಬಾಟಲಿ, ಡಬ್ಬಿ. ಹಳೇ ಬ್ಯಾಟರಿ, ಬಲ್ಬು, ಬಣ್ಣದ ಡಬ್ಬ, ಅವಧಿ ಮುಗಿದ ಔಷಧಿ ಇವು ಮೂರನೆಯ ಗುಂಪು, ಎರಡರಲ್ಲೂ ಸೇರಿಸಬೇಡಿ.

ಕಸ ಒಯ್ಯುವ ಅಕ್ಕನ ದುಡಿಮೆಗೆ ಎರಡು ದಾರಿ. ಒಂದು ನಾವು ತಿಂಗಳಿಗೆ ಕೊಡುವ ಶುಲ್ಕ, ಇನ್ನೊಂದು ಸುಕಾ ಕಸದಲ್ಲಿ ಆರಿಸಿ ಮಾರಿದ ಮಾಲಿನ ದುಡ್ಡು. ಹಾಲಿನ ಕವರನ್ನು ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗದಂತೆ ಬಿಡಿ, ಒಂದು ಸಲ ನೀರು ಹಾಕಿ ಅಲುಗಾಡಿಸಿ, ನಲ್ಲಿಯ ಮೇಲೆ ಕವುಚಿ ಒಣಗಿಸಿ. ಆ ಕವರಿಗೆ ಬೆಲೆ ಬರುತ್ತದೆ. ಅದೇ ಕವರು ಸಾರಿನಲ್ಲಿ ಅದ್ದಿ ಬಂದರೆ ಅವರೇ ಬರಿಗೈಯಲ್ಲಿ ತೊಳೆಯಬೇಕು, ಇಲ್ಲ ಬಿಸಾಕಬೇಕು. ಒಡೆದ ಗಾಜು, ಬ್ಲೇಡು ಇದ್ದರೆ ದಪ್ಪ ಕಾಗದದಲ್ಲಿ ಸುತ್ತಿ, ಕೈಗೆ ಕೊಡುವಾಗ ಬಾಯಿಬಿಟ್ಟು ಹೇಳಿ.

ರಾತ್ರಿಯೇ ಚೀಲ ಕಟ್ಟಿ ಗೇಟಿನ ಹೊರಗೆ ಇಡಬೇಡಿ. ಬೆಳಗಾಗುವಷ್ಟರಲ್ಲಿ ನಾಯಿ ಅದನ್ನು ಓಣಿ ತುಂಬ ಎಳೆದಾಡಿರುತ್ತದೆ.

ಸ್ಯಾನಿಟರಿ ಪ್ಯಾಡು, ಡಯಾಪರ್ ಹೇಗೆ ಕೊಡಬೇಕು?

ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕಾಣುವ ಹಾಗೆ ಕೆಂಪು ಚುಕ್ಕೆ ಹಾಕಿ, ಬೇರೆಯಾಗಿ ಕೊಡಿ. 'ರೆಡ್ ಡಾಟ್' ಅಭಿಯಾನ ಶುರುವಾಗಿದ್ದೇ ಪುಣೆಯಲ್ಲಿ. ಚುಕ್ಕೆ ಕಂಡರೆ ಪೊಟ್ಟಣ ಬಿಚ್ಚಿ ನೋಡುವ ಅಗತ್ಯ ಬೀಳುವುದಿಲ್ಲ. ಇಷ್ಟು ಮಾಡಲು ಅರ್ಧ ನಿಮಿಷ ಸಾಕು. ದಿನವಿಡೀ ಕೈಯಿಂದ ಕಸ ಆಯುವವರ ಪಾಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಅಂತ ನನಗೆ ಅನಿಸುತ್ತದೆ.

ಚಳಿಗಾಲ ಮುಗಿದರೆ ಎಲೆ ಗುಡಿಸಿ ಗುಡಿಸಿ ಸಾಕಾಗುತ್ತದೆ. ಇಷ್ಟೊಂದು ಎಲೆಯನ್ನು ಏನು ಮಾಡಬೇಕು?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಬಾದಾಮಿ ಮರ, ಅರಳಿ, ಮಳೆಮರ ಎಲ್ಲ ಸೇರಿ ಫೆಬ್ರವರಿ ಮಾರ್ಚಿನಲ್ಲಿ ಓಣಿಯನ್ನು ತುಂಬಿಬಿಡುತ್ತವೆ. ಇಲ್ಲಿನ ಮರಾಠಿ ಮಂದಿ ಪಾಲಾಪಾಚೋಳಾ ಅನ್ನುವುದು ಈ ಒಣಎಲೆ ಕಡ್ಡಿಗೇ. ಇದನ್ನು ಮನೆಯ ಕಸದ ಜೊತೆ ಸೇರಿಸಬಾರದು, ರಸ್ತೆಗೆ ಹಾಕಬಾರದು. ತೋಟದ ಕಸವನ್ನು ನಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಟು, ಪಾಲಿಕೆ ಹೇಳಿದ ರೀತಿಯಲ್ಲಿ ಕೊಡಬೇಕು ಅಂತ 2016ರ ನಿಯಮವೇ ಹೇಳಿತ್ತು.

ಕೊಡುವ ಮೊದಲು ಒಂದು ಮಾತು. ನಿಮ್ಮ ಅಂಗಳದಲ್ಲಿ ಮಣ್ಣಿದೆ ಅಂದರೆ ಈ ಎಲೆಯನ್ನು ಹೊರಗೆ ಕಳಿಸುವುದೇ ನಷ್ಟ. ಗಿಡಗಳ ಬುಡದಲ್ಲಿ ಎರಡು ಮೂರು ಇಂಚು ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ. ಏಪ್ರಿಲ್ ಬಿಸಿಲಿಗೆ ಮಣ್ಣು ಬೇಗ ಒಣಗುವುದಿಲ್ಲ, ನೀರು ಹಾಕುವುದು ಕಡಿಮೆಯಾಗುತ್ತದೆ, ಕಳೆಯೂ ಅಷ್ಟಾಗಿ ಏಳುವುದಿಲ್ಲ. ಅಂಗಳ ಚೊಕ್ಕ ಅಂದರೆ ಮಣ್ಣು ಬೋಳಾಗಿರಬೇಕು ಅಂತಲ್ಲ. ಎಷ್ಟೋ ಮನೆಯಲ್ಲಿ ಹಿರಿಯರಿಗೆ ಇದು ಒಪ್ಪಿಗೆ ಆಗುವುದಿಲ್ಲ, ಗೊತ್ತು. ಮುಂದಿನ ಭಾಗ ಗುಡಿಸಿಕೊಂಡು, ಹಿಂದಿನ ಗಿಡಗಳ ಕೆಳಗೆ ಎಲೆ ಹರಡಿ ತೋರಿಸಿ. ಒಂದು ಬೇಸಿಗೆ ಕಳೆದ ಮೇಲೆ ಆ ಎಲೆ ಸರಿಸಿ ನೋಡಿದರೆ ಕೆಳಗಿನ ಮಣ್ಣು ಕಪ್ಪಗೆ, ಹಸಿಯಾಗಿ, ಬೆರಳಿಗೆ ಪುಡಿಪುಡಿಯಾಗಿ ಸಿಗುತ್ತದೆ. ಮಳೆ ಬಿದ್ದ ಮೇಲಂತೂ ಎರೆಹುಳು ತಾವಾಗಿಯೇ ಬಂದಿರುತ್ತವೆ.

ಎಲೆ ಇನ್ನೂ ಉಳಿದರೆ ಗೊಬ್ಬರಕ್ಕೆ ಹಾಕಿ. ಕೋಳಿಗೂಡಿಗೆ ಬಳಸುವ ತಂತಿಜಾಲರಿಯನ್ನು ಸುಮಾರು ಮೂರು ಅಡಿ ಅಗಲದ ದುಂಡು ಗೂಡಿನ ಹಾಗೆ ಸುತ್ತಿ, ನೆರಳಲ್ಲಿ ನಿಲ್ಲಿಸಿ, ಎಲೆ ತುಂಬಿ, ತುಳಿದು, ನೀರು ಚಿಮುಕಿಸಿ. ಹುಳಿ ಮಜ್ಜಿಗೆ ಅಥವಾ ಸೆಗಣಿ ನೀರು ಆಗೀಗ ಹಾಕಿದರೆ ಬೇಗ ಕೊಳೆಯುತ್ತದೆ. ಒಂದು ಹಿಡಿ ಎತ್ತಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು, ಅದೇ ಹದ. ಮಾವಿನ ಎಲೆ, ಹಲಸಿನ ಎಲೆ ದಪ್ಪ, ನಿಧಾನಕ್ಕೆ ಕರಗುತ್ತವೆ, ಮೊದಲೇ ತುಳಿದು ಮುರಿದುಕೊಳ್ಳಿ. ಬರೀ ಎಲೆಯ ಗೊಬ್ಬರಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಈ ಬೇಸಿಗೆಯಲ್ಲಿ ತುಂಬಿದ್ದು ಮುಂದಿನ ಬೇಸಿಗೆಗೆ ಸಿದ್ಧ.

ಜಾಗವೇ ಇಲ್ಲದವರು ಬೇಕಾದವರಿಗೆ ಕೊಡಬಹುದು. ಪುಣೆಯಲ್ಲಿ 'ಬ್ರೌನ್ ಲೀಫ್' ಅನ್ನುವ ಬಳಗ ಎಲೆ ಜಾಸ್ತಿ ಇರುವವರನ್ನೂ ಎಲೆ ಬೇಕಾದವರನ್ನೂ ಜೋಡಿಸುವ ಕೆಲಸ ಮಾಡುತ್ತದೆ. ಟೆರೇಸ್ ಮೇಲೆ ತರಕಾರಿ ಬೆಳೆಯುವವರು ಮೂಟೆಗಟ್ಟಲೆ ಒಯ್ಯುತ್ತಾರೆ. ಮೂಟೆಯಲ್ಲಿ ಪ್ಲಾಸ್ಟಿಕ್, ಗುಟ್ಕಾ ಪೊಟ್ಟಣ ಇರಬಾರದು, ಅಷ್ಟೇ.

ಸ್ವಲ್ಪ ಎಲೆ ಮೂಲೆಯಲ್ಲಿ ಸುಟ್ಟರೆ ಏನಾಗುತ್ತದೆ?

ಬೇಡ. ಹಸಿಬಿಸಿ ಎಲೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಚಳಿಗಾಲದ ಬೆಳಿಗ್ಗೆ ಆ ಹೊಗೆ ಮೇಲೆ ಹೋಗದೆ ಕಿಟಕಿಗಳ ಮಟ್ಟದಲ್ಲೇ ನಿಲ್ಲುತ್ತದೆ. ಪಕ್ಕದ ಮನೆಯಲ್ಲಿ ದಮ್ಮು ಇರುವ ಅಜ್ಜ ಇರಬಹುದು, ಹಸುಗೂಸು ಇರಬಹುದು. ಕಾನೂನೂ ಸ್ಪಷ್ಟವಾಗಿದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶ ಕೊಟ್ಟಿದೆ. ವಾಚ್‌ಮನ್ ಚಳಿ ಕಾಯಿಸಿಕೊಳ್ಳಲು ಎಲೆಗೆ ಬೆಂಕಿ ಹಾಕುತ್ತಿದ್ದರೆ ಅವನನ್ನು ಗದರಿಸಬೇಡಿ. ಸ್ವೆಟರ್, ಕಂಬಳಿ, ಗಾಳಿ ಬಾರದ ಕ್ಯಾಬಿನ್ ಕೊಡಿಸುವುದು ಸೊಸಾಯಿಟಿಯ ಕೆಲಸ.

ಗೊಬ್ಬರದ ಡಬ್ಬಿ ವಾಸನೆ ಬರುತ್ತದೆ ಅಂತ ಮೇಲಿನ ಮನೆಯವರು ದೂರುತ್ತಾರೆ. ಏನು ಮಾಡಲಿ?

ವಾಸನೆ ಬಂದರೆ ಹಸಿ ಜಾಸ್ತಿಯಾಗಿದೆ, ಗಾಳಿ ಕಡಿಮೆಯಾಗಿದೆ ಅಂತ ಅರ್ಥ. ಒಂದು ಪಾಲು ಅಡುಗೆಮನೆ ಕಸಕ್ಕೆ ಎರಡು ಮೂರು ಪಾಲು ಒಣಎಲೆ ಹಾಕಿ, ವಾರಕ್ಕೆ ಒಂದೆರಡು ಸಲ ಮಗುಚಿ. ಮೇಲೆ ಯಾವಾಗಲೂ ಎಲೆಯ ಹೊದಿಕೆ ಇರಲಿ. ಮೀನು ಮಾಂಸದ ಉಳಿಕೆ, ಎಣ್ಣೆಯ ಪದಾರ್ಥ ಸದ್ಯಕ್ಕೆ ಹಾಕಬೇಡಿ. ಸರಿಹೋಗುವವರೆಗೆ ಡಬ್ಬಿಯನ್ನು ಅವರ ಕಿಟಕಿಯಿಂದ ದೂರ ಸರಿಸಿ. ಎರೆಗೊಬ್ಬರ ಘಟಕ, ಮಳೆನೀರು ಸಂಗ್ರಹ, ಸೋಲಾರ್ ಇಟ್ಟುಕೊಂಡ ಮನೆಗಳಿಗೆ ಪುಣೆ ಪಾಲಿಕೆ ಆಸ್ತಿ ತೆರಿಗೆಯ ಸಾಮಾನ್ಯ ಕರದಲ್ಲಿ 5ರಿಂದ 10 ಶೇಕಡಾ ರಿಯಾಯಿತಿ ಕೊಡುತ್ತ ಬಂದಿದೆ, ಅದನ್ನೂ ವಿಚಾರಿಸಿ.

ಪಾಲಿಕೆಯವರು ಬಂದು ಹೂಕುಂಡದ ತಟ್ಟೆ ನೋಡಿ ನೋಟಿಸ್ ಕೊಟ್ಟರು. ಅಷ್ಟು ನೀರಿಗೆ ನೋಟಿಸಾ?

ಅಷ್ಟು ನೀರೇ ಸಾಕು. ಡೆಂಗ್ಯೂ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳಕು ನೀರು ಬೇಡ, ನಮ್ಮ ಮನೆಯ ತಿಳಿ ನೀರೇ ಬೇಕು. ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಕೂಲರ್, ಹಳೇ ಟಯರು, ಮುಚ್ಚಳ ಸರಿಯಿಲ್ಲದ ಟಾಕಿ, ಟೆರೇಸ್ ಮೇಲಿನ ತಾಡಪತ್ರಿಯ ಮಡಿಕೆ, ಹಕ್ಕಿಗೆ ಇಟ್ಟ ನೀರಿನ ಬಟ್ಟಲು. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು 'ಕೋರಡಾ ದಿವಸ' ಮಾಡಿ ಅನ್ನುವುದು: ಆ ದಿನ ಎಲ್ಲ ಪಾತ್ರೆ ಬರಿದು ಮಾಡಿ ಒಣಗಿಸಬೇಕು.

ಸುಮ್ನೆ ನೀರು ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆ ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೆ ತೆಂಗಿನ ನಾರು ಅಥವಾ ಬ್ರಷ್‌ನಿಂದ ತಿಕ್ಕಬೇಕು. ತುಳಸಿ ಕುಂಡದ ತಟ್ಟೆಯ ನೀರನ್ನು ಒಂದು ಬಿಳಿ ಬಟ್ಟಲಿಗೆ ಬಗ್ಗಿಸಿ ಬಿಸಿಲಲ್ಲಿ ಹಿಡಿದು ನೋಡಿ. ಕೂದಲೆಳೆಯಷ್ಟು ತೆಳ್ಳಗಿನ ಮರಿಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬಟ್ಟಲು ಅಲ್ಲಾಡಿಸಿದರೆ ಕೊಂಕುತ್ತ ತಳಕ್ಕೆ ಇಳಿಯುತ್ತವೆ. ಮಕ್ಕಳಿಗೆ ಒಮ್ಮೆ ಇದನ್ನು ತೋರಿಸಿದರೆ ಮುಂದೆ ಅವರೇ ಪ್ರತಿ ವಾರ ನೆನಪಿಸುತ್ತಾರೆ. ಆ ನೀರನ್ನು ಗಟಾರಕ್ಕೆ ಹಾಕದೆ ಬಿಸಿ ಒಣ ಮಣ್ಣಿಗೆ ಚೆಲ್ಲಿ.

ಈಡಿಸ್ ಬಹಳ ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಇರುತ್ತದೆ, ಹಗಲಲ್ಲೇ ಕಚ್ಚುತ್ತದೆ. ಹಾಗಾಗಿ ನಮ್ಮ ಅಂಗಳದ ಸೊಳ್ಳೆ ಕಚ್ಚುವುದು ನಮ್ಮ ಓಣಿಯವರನ್ನೇ. 2024ರ ಮಳೆಗಾಲದಲ್ಲಿ ಎರಂಡವಣೆ ಸೇರಿ ಪುಣೆಯ ಹಲವು ಕಡೆ ಝೀಕಾ ಕಾಣಿಸಿಕೊಂಡಿತು. ಬಸುರಿಯರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೂ ಅದರಿಂದ ಅಪಾಯ. ನೋಟಿಸ್ ತಂದವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರನ್ನು ಒಳಗೆ ಕರೆದು ಇನ್ನೂ ಎಲ್ಲೆಲ್ಲಿ ನೀರು ನಿಂತಿದೆ ನೋಡಿ ಅನ್ನಿ.

ಫುಟ್‌ಪಾತ್ ಮೇಲೆ ಹೂಕುಂಡ ಇಟ್ಟರೆ ಚೆಂದ ಕಾಣುತ್ತದೆ ಅಲ್ವಾ?

ಚೆಂದ ಕಾಣುತ್ತದೆ, ಆದರೆ ದಾರಿ ಕಟ್ಟುತ್ತದೆ. ಫುಟ್‌ಪಾತಿನಲ್ಲಿ ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಅಂತ ರಸ್ತೆಗಳ ಅಳತೆ ಗೊತ್ತುಮಾಡುವ 'ಭಾರತೀಯ ರಸ್ತೆ ಕಾಂಗ್ರೆಸ್' ಸಂಸ್ಥೆಯ ಮಾನದಂಡ ಹೇಳುತ್ತದೆ. ನಮ್ಮ ಓಣಿಗಳಲ್ಲಿ ಇರುವುದೇ ಅದಕ್ಕಿಂತ ಕಡಿಮೆ. ಅದರಲ್ಲಿ ಕುಂಡ, ಬೆಂಚು, ಬೋರ್ಡು ಬಂದರೆ ಊರುಗೋಲು ಹಿಡಿದವರು ರಸ್ತೆಗೆ ಇಳಿಯಬೇಕು. ನಾಲ್ಕು ಕಾಲಿನ ವಾಕರ್ ಹಿಡಿದ ಅಜ್ಜಿ ಕುಂಡದ ಮುಂದೆ ನಿಂತು, ವಾಕರನ್ನು ಓರೆ ಮಾಡಿ ಒಂದು ಕಾಲು ಮೊದಲು ರಸ್ತೆಗಿಳಿಸಿ, ಹಿಂದಿನಿಂದ ರಿಕ್ಷಾ ಬರುತ್ತಿದೆಯಾ ಅಂತ ಕುತ್ತಿಗೆ ತಿರುಗಿಸಿ ನೋಡುವುದನ್ನು ಒಮ್ಮೆ ಗಮನಿಸಿ. ಕುಂಡವನ್ನು ಒಳಗೆ ತರಲು ಇನ್ನೇನೂ ಕಾರಣ ಬೇಕಾಗುವುದಿಲ್ಲ.

ಹಳದಿ ಬಣ್ಣದ ಉಬ್ಬುಗೆರೆಯ ಟೈಲ್ಸ್ ಇದ್ದರೆ ಅದು ಕಣ್ಣು ಕಾಣದವರಿಗೆ ದಾರಿ ತೋರಿಸುವುದಕ್ಕೆ. ಅದರ ಮೇಲೆ ಏನನ್ನೂ ಇಡಬೇಡಿ. ಕಾಂಪೌಂಡಿನಿಂದ ಹೊರಗೆ ಬಾಗಿದ ಬೋಗನ್‌ವಿಲ್ಲಾದ ಮುಳ್ಳುಕೊಂಬೆಯೂ ಹಾಗೇ, ಎತ್ತರದ ಮನುಷ್ಯನ ತಲೆಗೆ ತಾಗದಂತೆ 2.2 ಮೀಟರ್‌ವರೆಗೆ ಖಾಲಿ ಇರಲಿ. ಪುಣೆ ಪಾಲಿಕೆ 2016ರಲ್ಲೇ ಪಾದಚಾರಿ ನೀತಿ ಒಪ್ಪಿಕೊಂಡಿದೆ. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಪಾದಚಾರಿ ದಿನ ಮಾಡುತ್ತ ಬಂದಿದೆ. ಓಣಿಯಲ್ಲಿ ನಡೆಯುವವರ ದಾರಿಯನ್ನು ಉಳಿಸಬೇಕಾದವರು ನಾವು.

ಸ್ಕೂಟರನ್ನು ನಮ್ಮ ಗೇಟಿನ ಮುಂದೆಯೇ ಫುಟ್‌ಪಾತ್ ಮೇಲೆ ನಿಲ್ಲಿಸಿದರೆ?

ಅದೂ ಬೇಡ. ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸುವುದು ತಪ್ಪು, ಸಂಚಾರ ಪೊಲೀಸರು ದಂಡ ಹಾಕಬಹುದು. ಕಾರು ಒಳಗೆ ತರಲು ಸಿಮೆಂಟಿನ ಇಳಿಜಾರು ಕಟ್ಟುವವರೂ ಇದ್ದಾರೆ. ಇಳಿಜಾರು ನಿಮ್ಮ ಗೇಟಿನ ಒಳಗೆ ಇರಲಿ, ಫುಟ್‌ಪಾತಿನ ಮಟ್ಟ ಮುರಿಯಬಾರದು. ಮುರಿದರೆ ನಡೆಯುವವರಿಗೆ ಏರುಪೇರು, ಮಳೆನೀರಿಗೂ ಅಡ್ಡಗಟ್ಟೆ.

ಪಕ್ಕದವರ ಮರದ ಕೊಂಬೆ ನಮ್ಮ ಕಡೆ ಬಂದಿದೆ. ಕಡಿಯಬಹುದಾ?

ನೀವಾಗಿಯೇ ಕಡಿಯಬೇಡಿ, ನಿಮ್ಮದೇ ಮರವಾದರೂ. ಮಹಾರಾಷ್ಟ್ರದಲ್ಲಿ ನಗರ ಪ್ರದೇಶದ ಮರಗಳ ಸಂರಕ್ಷಣೆಗೆ 1975ರಿಂದ ಕಾಯ್ದೆ ಇದೆ. ಸ್ವಂತ ಜಾಗದ ಮರ ಕಡಿಯುವುದಕ್ಕೂ ಪಾಲಿಕೆಯ ವೃಕ್ಷ ಅಧಿಕಾರಿಯ ಪರವಾನಗಿ ಬೇಕು. ದೊಡ್ಡ ಕೊಂಬೆ ಸವರುವುದಕ್ಕೂ ಉದ್ಯಾನ ವಿಭಾಗಕ್ಕೆ ಅರ್ಜಿ ಹಾಕಿ. ಮಳೆಗಾಲಕ್ಕೆ ಮುಂಚೆ ಏಪ್ರಿಲ್ ಮೇನಲ್ಲೇ ಹಾಕಿದರೆ ಒಳ್ಳೆಯದು, ಜೂನಿನಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಮೊದಲು ಪಕ್ಕದವರ ಜೊತೆ ಮಾತಾಡಿ, ಅರ್ಜಿಗೆ ಇಬ್ಬರೂ ಸೇರಿ ಸಹಿ ಹಾಕಿ. ಮರದ ಬುಡದವರೆಗೆ ಕಾಂಕ್ರೀಟ್, ಪೇವರ್ ಬ್ಲಾಕ್ ಹಾಕಿಸಬೇಡಿ. ಬೇರಿಗೆ ನೀರು, ಗಾಳಿ ಸಿಗದೆ ಮರ ಸೊರಗುತ್ತದೆ, ಮುಂದೆ ಒಂದು ದಿನ ಗಾಳಿಗೆ ಬೀಳುತ್ತದೆ. ಸುತ್ತ ಒಂದು ಮೀಟರ್ ಮಣ್ಣು ಬಿಡಿ.

ಕಾಂಪೌಂಡಿನ ಪಕ್ಕ ಕಾಂಗ್ರೆಸ್ ಗಿಡ ಬೆಳೆದಿದೆ. ಔಷಧಿ ಹೊಡೆಯಬೇಕಾ?

ಓಣಿಯ ಮಟ್ಟಿಗೆ ಔಷಧಿ ಬೇಕಿಲ್ಲ, ಕೈಯಿಂದ ಕಿತ್ತರೆ ಸಾಕು. ಹೊತ್ತು ಮುಖ್ಯ. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಬಿಳಿ ಹೂ ಬಿಡುವ ಮೊದಲೇ ಬೇರುಸಮೇತ ಕೀಳಬೇಕು. ಹೂ ಬಿಟ್ಟ ಮೇಲೆ ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಗ್ಲೌಸ್ ಹಾಕಿಕೊಳ್ಳಿ, ತುಂಬುತೋಳಿನ ಅಂಗಿ ಇರಲಿ. ಇದು ಚರ್ಮಕ್ಕೆ ತುರಿಕೆ ತರುತ್ತದೆ, ಪರಾಗದಿಂದ ದಮ್ಮು ಏಳುತ್ತದೆ. ಅಲರ್ಜಿ ಇರುವವರು ಹತ್ತಿರ ಹೋಗಬೇಡಿ.

ಭಾರತದಲ್ಲಿ ಈ ಗಿಡ ಹರಡುತ್ತಿರುವುದನ್ನು ಮೊದಲು ಗುರುತಿಸಿದ್ದು 1950ರ ದಶಕದ ನಡುವಿನಲ್ಲಿ, ಪುಣೆಯಲ್ಲೇ. ಇದನ್ನು ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಎಲೆಯ ಮೇಲೆ ಬಿಳಿಬಣ್ಣದ, ಕಂದುಗೆರೆಯ ಪುಟ್ಟ ಜೀರುಂಡೆ ಕಂಡರೆ ಸಾಯಿಸಬೇಡಿ, ಅದು ನಮ್ಮ ಕೆಲಸವನ್ನೇ ಮಾಡುತ್ತಿದೆ.

ಮನೆ ರಿಪೇರಿ ಆಯಿತು. ಒಡೆದ ಇಟ್ಟಿಗೆ, ಟೈಲ್ಸ್ ಎಲ್ಲಿ ಹಾಕಬೇಕು?

ಕಾಂಟ್ರಾಕ್ಟರ್ "ನಾನು ನೋಡಿಕೊಳ್ಳುತ್ತೇನೆ" ಅನ್ನುತ್ತಾನೆ. ಎಲ್ಲಿ ಹಾಕುತ್ತೀರಿ ಅಂತ ಕೇಳಿ, ಬರೆಸಿಕೊಳ್ಳಿ. ರಾತ್ರಿ ಟೆಂಪೋ ತುಂಬಿ ನಾಲೆಯ ದಂಡೆಗೆ ಸುರಿಯುವುದು ಈ ಊರಿನಲ್ಲಿ ಹೊಸತಲ್ಲ. ರಾಡಾರೋಡಾ ಅನ್ನುವ ಈ ಕಲ್ಲು ಮಣ್ಣು ನಾಲೆಗಳನ್ನು ಕಿರಿದು ಮಾಡುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬೀಲ್ ಓಢಾ ಎಂಬ ನಾಲೆ ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಸಹಕಾರನಗರ, ಅರಣ್ಯೇಶ್ವರ ಕಡೆಯವರು ಮರೆತಿಲ್ಲ. ಆ ಮಳೆಗೆ ಜೀವಗಳೇ ಹೋದವು. ನೀರು ಹರಿಯುವ ಜಾಗ ಉಳಿಯಬೇಕಾದ್ದು ಎಷ್ಟು ಮುಖ್ಯ ಅಂತ ಆ ರಾತ್ರಿ ಎಲ್ಲರೂ ಕಂಡರು.

ಕಟ್ಟಡ ತ್ಯಾಜ್ಯಕ್ಕೆ 2016ರಲ್ಲಿ ಬೇರೆಯೇ ನಿಯಮಗಳು ಬಂದವು. ಅದನ್ನು ನಮ್ಮ ಜಾಗದಲ್ಲೇ ಇಟ್ಟುಕೊಂಡು, ಪಾಲಿಕೆ ಗೊತ್ತುಮಾಡಿದ ಕಡೆಗೆ ಕಳಿಸಬೇಕು. ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯದಲ್ಲಿ, ಅಂದರೆ ವಾರ್ಡ್ ಆಫೀಸಿನಲ್ಲಿ ಕೇಳಿದರೆ ಎಲ್ಲಿಗೆ, ಎಷ್ಟು ಶುಲ್ಕ ಅಂತ ಹೇಳುತ್ತಾರೆ. ಮರಳು, ಜಲ್ಲಿ ಫುಟ್‌ಪಾತ್ ಮೇಲೆ ಸುರಿಸಬೇಡಿ. ತೀರಾ ಜಾಗ ಇಲ್ಲದಿದ್ದರೆ ಚೀಲದಲ್ಲಿ ತರಿಸಿ.

ಮಳೆ ಬಂದರೆ ಗೇಟಿನ ಮುಂದೆ ನೀರು ನಿಲ್ಲುತ್ತದೆ. ನಾವೇ ಚೇಂಬರ್ ತೆಗೆಯಬಹುದಾ?

ಮುಚ್ಚಳ ತೆಗೆಯಬೇಡಿ. ಒಳಗೆ ವಿಷಗಾಳಿ ಇರಬಹುದು, ನೀರಿನ ಕೆಳಗೆ ತೆರೆದ ಗುಂಡಿ ಯಾರಿಗೂ ಕಾಣುವುದಿಲ್ಲ. ಜಾಲರಿಯ ಮೇಲೆ ಕಟ್ಟಿಕೊಂಡ ಎಲೆ, ಕವರುಗಳನ್ನು ಉದ್ದ ಕೋಲಿನಿಂದ ಎಳೆದು ಹಾಕಿ, ಎಷ್ಟೋ ಸಲ ಅಷ್ಟಕ್ಕೇ ನೀರು ಇಳಿಯುತ್ತದೆ. ಇಳಿಯದಿದ್ದರೆ ಪಾಲಿಕೆಗೆ ತಿಳಿಸಿ. ಯಾರಿಗೋ ದುಡ್ಡು ಕೊಟ್ಟು ಗುಂಡಿಯೊಳಗೆ ಇಳಿಸುವುದು ಮಾತ್ರ ಎಂದೂ ಬೇಡ. ಸುರಕ್ಷಾ ಸಲಕರಣೆ ಇಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಮೊದಲು ಅದು ಒಬ್ಬರ ಜೀವದ ಪ್ರಶ್ನೆ.

ಸೋನಮೋಹರ ಮರದ ಹಳದಿ ಹೂವಿನ ಬಗ್ಗೆಯೂ ಎಚ್ಚರ. ಉದುರಿದಾಗ ಓಣಿ ಹಾಸಿಗೆಯಂತೆ ಕಾಣುತ್ತದೆ. ಒಂದು ಅಡ್ಡಮಳೆ ಬಿದ್ದರೆ ಪೇವರ್ ಬ್ಲಾಕ್ ಮೇಲೆ ಕೊಳೆತು ಲೋಳೆಯಾಗಿ ಕಾಲು ಜಾರುತ್ತದೆ. ಒಣಗಿದ್ದಾಗಲೇ ಗುಡಿಸಿಬಿಡಿ.

ದಿನಾ ಪೈಪ್ ಹಿಡಿದು ಫುಟ್‌ಪಾತ್ ತೊಳೆಯುತ್ತೇವೆ. ಅದು ತಪ್ಪಾ?

ಅದು ಖಡಕವಾಸಲಾ ಅಣೆಕಟ್ಟಿನಿಂದ ಬಂದು ಶುದ್ಧವಾದ ಕುಡಿಯುವ ನೀರು. ಬೇಸಿಗೆಯಲ್ಲಿ ಊರಿನ ಎಷ್ಟೋ ಕಡೆ ಟ್ಯಾಂಕರ್ ಓಡುತ್ತಿರುತ್ತದೆ. ಗುಡಿಸಿದರೆ ಸಾಕು. ತೀರಾ ಕಲೆ ಇದ್ದರೆ ತರಕಾರಿ ತೊಳೆದ ನೀರು ಒಂದು ಬಕೆಟ್.

ನಾಯಿ, ಪಾರಿವಾಳಗಳ ವಿಷಯ?

ಸಾಕಿದ ನಾಯಿಯನ್ನು ಹೊರಗೆ ಒಯ್ಯುವಾಗ ಹಳೇ ಪೇಪರ್ ಜೊತೆಗಿರಲಿ, ಮಾಡಿದ್ದನ್ನು ಎತ್ತಿ ಮನೆಗೆ ತನ್ನಿ. ಪಕ್ಕದವರ ಗೇಟಿನ ಕಂಬಕ್ಕೆ ನಿಲ್ಲಿಸಬೇಡಿ. ಬೀದಿನಾಯಿಗೆ ಅನ್ನ ಹಾಕುವವರು ಒಳ್ಳೆಯ ಕೆಲಸವನ್ನೇ ಮಾಡುತ್ತಾರೆ. ಆದರೆ ಮೆಟ್ಟಿಲ ಹತ್ತಿರ, ಮಕ್ಕಳು ಆಡುವ ಕಡೆ ಬೇಡ. 2023ರ ನಿಯಮಗಳ ಪ್ರಕಾರ ಅದಕ್ಕೆ ಸೊಸಾಯಿಟಿಯವರು ಒಂದು ಜಾಗ ಗೊತ್ತುಮಾಡಬೇಕು. ತಿಂದಾದ ಮೇಲೆ ತಟ್ಟೆ, ಉಳಿದ ಅನ್ನ ಎತ್ತಿ. ಪಾರಿವಾಳಕ್ಕೆ ಕಾಂಪೌಂಡ್ ಮೇಲೆ ಜೋಳ ಚೆಲ್ಲುವುದನ್ನು ನಿಲ್ಲಿಸುವುದೇ ಒಳ್ಳೆಯದು. ಅವುಗಳ ಹಿಕ್ಕೆಯ ಧೂಳಿನಿಂದ ಕೆಲವರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬರುತ್ತದೆ. ಉಳಿದ ಕಾಳಿಗೆ ಇಲಿಯೂ ಸೇರುತ್ತದೆ.

ಗಣಪತಿ, ದೀಪಾವಳಿ ಮುಗಿದ ಮೇಲೆ ಓಣಿ ನೋಡುವಂತಿರುವುದಿಲ್ಲ. ಏನು ಮಾಡಬಹುದು?

ಹೂವು, ಗರಿಕೆ, ಪತ್ರೆಯನ್ನು ದಾರ, ಪ್ಲಾಸ್ಟಿಕ್ ತೆಗೆದು ಗೊಬ್ಬರಕ್ಕೆ ಹಾಕಿ. ವಿಸರ್ಜನೆಯ ದಿನ ಘಾಟುಗಳಲ್ಲಿ ಪಾಲಿಕೆಯವರು ನಿರ್ಮಾಲ್ಯ ಕಲಶ ಇಡುತ್ತಾರೆ, ಅಲ್ಲೂ ಕೊಡಬಹುದು. ಶಾಡೂ ಎಂಬ ಜೇಡಿಮಣ್ಣಿನ ಗಣಪನನ್ನು ಮನೆಯ ಬಕೆಟ್ಟಿನಲ್ಲೇ ಬಿಟ್ಟರೆ ಆ ಮಣ್ಣು ಮತ್ತೆ ಕುಂಡಕ್ಕೆ ಬರುತ್ತದೆ. ಪಟಾಕಿಯ ಕಾಗದ ಹಚ್ಚಿದವರೇ ಆ ರಾತ್ರಿ ಗುಡಿಸಲಿ, ಬೆಳಗಿನ 'ಝಾಡೂ' ಅಕ್ಕನಿಗೆ ಬಿಡಬೇಡಿ. ಆಕಾಶ ಕಂದೀಲಿಗೆ ಅಂತ ಮರಕ್ಕೆ ಹೊಡೆದ ಮೊಳೆ, ಸುತ್ತಿದ ವೈರು ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ. ಮುಂದಿನ ಸಲ ಮೊಳೆಯೇ ಬೇಡ, ಹಗ್ಗ ಸಾಕು.

ಪಕ್ಕದ ಮನೆಯವರು ಕಸ ಹೊರಗೆ ಎಸೆಯುತ್ತಾರೆ. ಹೇಗೆ ಹೇಳುವುದು? ನಾವು ಹೊರಗಿನವರು ಅಂದುಕೊಂಡರೆ?

ಇದನ್ನು ಕೇಳುವವರ ಮನಸ್ಸಿನ ಅಳುಕು ಅರ್ಥವಾಗುತ್ತದೆ. ಆದರೆ ಓಣಿಯಲ್ಲಿ ಇರುವವರೆಲ್ಲ ಓಣಿಯವರೇ. ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಹಾಕಬೇಡಿ, ನಾಲ್ಕು ಜನರ ಮುಂದೆ ಮರ್ಯಾದೆ ಹೋದ ಮೇಲೆ ಯಾರೂ ಬದಲಾಗುವುದಿಲ್ಲ. ಸಂಜೆ ಹೊತ್ತು, ಒಬ್ಬರೇ ಸಿಕ್ಕಾಗ, "ಕಾಕಾ, ಜರಾ ಬೋಲಾಯಚಂ ಹೋತಂ" (ಕಾಕಾ, ಸ್ವಲ್ಪ ಮಾತಾಡಬೇಕಿತ್ತು) ಅಂತ ಶುರು ಮಾಡಿ. ಮರಾಠಿ ಹರಕುಮುರುಕಾಗಿದ್ದರೂ ಪರವಾಗಿಲ್ಲ, ಅವರ ಮಾತಿನಲ್ಲಿ ಕೇಳಿದಾಗ ಮುಖ ಸಡಿಲವಾಗುತ್ತದೆ. ದೂರಿನ ಬದಲು ಪ್ರಶ್ನೆ ಕೇಳಿ: ನಿಮ್ಮ ಮನೆಗೆ ಕಸದವರು ಎಷ್ಟು ಹೊತ್ತಿಗೆ ಬರುತ್ತಾರೆ? ಎಷ್ಟೋ ಸಲ ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ, ಅದೇ ಕಾರಣ. "ನಮ್ಮ ಬಾಗಿಲಲ್ಲಿ ಇಡಿ, ನಾನು ಕೊಡುತ್ತೇನೆ" ಅಂದರೆ ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ಎರಡು ಮೂರು ಸಲ ಹೇಳಿದರೂ ಕೇಳದಿದ್ದರೆ ಸೊಸಾಯಿಟಿಯ ಸೆಕ್ರೆಟರಿ ಮೂಲಕ, ಆಮೇಲೆ ಪಾಲಿಕೆಯ ಆರೋಗ್ಯ ನಿರೀಕ್ಷಕರ ಮೂಲಕ ಹೋಗಿ.

ಪಕ್ಕದ ಖಾಲಿ ಪ್ಲಾಟಿನಲ್ಲಿ ಎಲ್ಲರೂ ಕಸ ಹಾಕುತ್ತಾರೆ. ಯಾರಿಗೆ ಹೇಳಬೇಕು?

ಜಾಗದ ಮಾಲೀಕರಿಗೆ ಪಾಲಿಕೆ ನೋಟಿಸ್ ಕೊಡಬಹುದು. ಪುಣೆಯಲ್ಲಿ 15 ಕ್ಷೇತ್ರೀಯ ಕಾರ್ಯಾಲಯಗಳಿವೆ, ನಿಮ್ಮದು ಯಾವುದು ಅಂತ ತೆರಿಗೆ ಬಿಲ್ ನೋಡಿ ತಿಳಿದುಕೊಳ್ಳಿ. ಪುಣೆ ಪಾಲಿಕೆಯ 'ಪಿಎಂಸಿ ಕೇರ್' ಆ್ಯಪಿನಲ್ಲಿ ಫೋಟೋ ಸಮೇತ ದೂರು ಹಾಕಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಿಂಪ್ರಿ ಚಿಂಚವಡದವರಿಗೆ ಪಾಲಿಕೆಯೇ ಬೇರೆ, ಅಲ್ಲಿ 'ಸಾರಥಿ' ಸಹಾಯವಾಣಿ ಇದೆ. ಕ್ಯಾಂಟೋನ್ಮೆಂಟ್ ಭಾಗದವರು ತಮ್ಮ ಮಂಡಳಿಗೆ ಹೇಳಬೇಕು. ಜಾಗ ಒಮ್ಮೆ ಸ್ವಚ್ಛವಾದ ಮೇಲೆ ಮೊದಲ ಒಂದೆರಡು ವಾರವೇ ಮುಖ್ಯ. ಕಸ ಬೀಳುವ ಹೊತ್ತಿಗೆ ಓಣಿಯವರು ಸರದಿಯಲ್ಲಿ ಅಲ್ಲಿ ನಿಂತು ಮಾತಾಡುತ್ತಿದ್ದರೆ ಸಾಕು. ಆ ಮೂಲೆಗೆ ಬೆಳಕು ಇರಲಿ, ಬೆಳಿಗ್ಗೆ ಒಂದು ರಂಗೋಲಿ ಬೀಳಲಿ.

ರಜೆಗೆ ಊರಿಗೆ ಹೋಗುತ್ತೇವೆ. ಮನೆ ಮುಂದಿನದನ್ನು ಯಾರು ನೋಡಿಕೊಳ್ಳುತ್ತಾರೆ?

ಹೊರಡುವ ಹಿಂದಿನ ದಿನ ಕುಂಡದ ತಟ್ಟೆಗಳನ್ನು ತೆಗೆದು ಕವುಚಿಡಿ, ಫ್ರಿಜ್ಜಿನ ಟ್ರೇ ಒರೆಸಿ, ಟಾಕಿಯ ಮುಚ್ಚಳ ನೋಡಿ, ಹಸಿ ಕಸ ಎಲ್ಲ ಕೊಟ್ಟುಬಿಡಿ. ಬಹಳ ದಿನ ಇರುವುದಿಲ್ಲ ಅಂದರೆ ಪಾಯಖಾನೆಯ ಮುಚ್ಚಳ ಹಾಕಿ. ಪೇಪರ್, ಹಾಲು ನಿಲ್ಲಿಸಿ, ಗೇಟಿನಲ್ಲಿ ರಾಶಿ ಬೀಳಬಾರದು. ಕಸ ಒಯ್ಯುವ ಅಕ್ಕನಿಗೆ ಮೊದಲೇ ಹೇಳಿ, ತಿಂಗಳ ದುಡ್ಡು ಮಾತ್ರ ಕಡಿಯಬೇಡಿ. ಒಂದು ಬೀಗದ ಕೈ ಎದುರು ಮನೆ ಕಾಕುಗೆ ಕೊಟ್ಟು, ವಾರಕ್ಕೊಮ್ಮೆ ಗೇಟಿನ ಮುಂದೆ ಗುಡಿಸಲು ಕೇಳಿ. ಅವರು ಊರಿಗೆ ಹೋದಾಗ ನೀವು ಗುಡಿಸಿ.